ಸೇಬಿನ ಪೆಟ್ಟಿಗೆಯೂ ಇಪ್ಪತ್ತೇಳು ಅಗತ್ಯಗಳೂ

ನಾನು ಕಾಲೇಜಿನ ಕೆಲಸದಿಂದ ನಿವೃತ್ತಳಾದ ತಿಂಗಳು, ಪುಣೆಯಿಂದ ಬಂದ ಮಗಳು ಚೀಲದಿಂದ ಒಂದು ಬಿಳಿಯ ಪೆಟ್ಟಿಗೆ ತೆಗೆದು ಊಟದ ಮೇಜಿನ ಮೇಲಿಟ್ಟಳು. ಸೀರೆಯಿರಬೇಕು ಅಂದುಕೊಂಡು ಕೈ ಒರೆಸಿಕೊಳ್ಳುತ್ತ ಬಂದೆ. ಒಳಗಿದ್ದದ್ದು ಮ್ಯಾಕ್‌ಬುಕ್ ಏರ್ ಎಂಬ ಕಂಪ್ಯೂಟರು. ನಮ್ಮ ಮನೆಯ ಚಪಾತಿ ಮಣೆಗಿಂತ ತೆಳ್ಳಗೆ, ಬೆನ್ನ ಮೇಲೊಂದು ಕಚ್ಚಿದ ಸೇಬು. “ಅಮ್ಮಾ, ಇನ್ನಾದರೂ ದೊಡ್ಡಮ್ಮನ ಕೆಲಸ ಮುಗಿಸು” ಎಂದಳು.

ದೊಡ್ಡಮ್ಮ ಅಂದರೆ ನನ್ನ ಅಕ್ಕ. ಸಾಗರ ಸೀಮೆಯ ಹಳ್ಳಿಗಳನ್ನು ಸುತ್ತಿ, ಮದುವೆ ಮನೆಯ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು ಬಂದು, ರಾತ್ರಿ ಕೂತು ತಾನೇ ಟೈಪು ಮಾಡಿಟ್ಟವಳು. ನೂರ ನಲವತ್ತು ಪುಟ. ಮುನ್ನುಡಿ ಬರೆಯುವ ಮೊದಲೇ ಹೊರಟುಹೋದಳು. ಅವಳ ಹಳೆಯ ಕಂಪ್ಯೂಟರೂ ಅವಳ ಹಿಂದೆಯೇ ಹೋಯಿತು. ನೋಟುಪುಸ್ತಕಗಳನ್ನು ಗೆದ್ದಲು ಮುಗಿಸಿತ್ತು. ಉಳಿದದ್ದು ಒಂದೇ ಒಂದು ಪೆನ್‌ಡ್ರೈವ್. ಅದು ನನ್ನ ಬೀರುವಿನಲ್ಲಿ, ಅಕ್ಕನ ಮೂಗುಬಟ್ಟಿನ ಡಬ್ಬಿಯೊಳಗೆ, ನಾಲ್ಕು ವರ್ಷದಿಂದ ಮಲಗಿತ್ತು.

ಮಗಳು ಭಾನುವಾರ ರಾತ್ರಿಯ ಬಸ್ಸಿಗೆ ಹೊರಟಾಗ ಒಂದು ಕಾಗದ ಕೊಟ್ಟು ಹೋದಳು. ಅವಳ ಆಫೀಸಿನ ಹುಡುಗರೆಲ್ಲ ಸೇರಿ ಮಾಡಿದ ಪಟ್ಟಿಯಂತೆ. ಹೊಸ ಮ್ಯಾಕ್ ಕೊಂಡ ಮೊದಲ ದಿನವೇ ಹಾಕಿಕೊಳ್ಳಬೇಕಾದ ಅತ್ಯಗತ್ಯ ತಂತ್ರಾಂಶಗಳು, ಜೊತೆಗೆ ಪವರ್ ಯೂಸರ್‌ಗಳಿಗೆ ಕಿವಿಮಾತು. ಎಣಿಸಿದೆ. ಇಪ್ಪತ್ತೇಳು.

ಮೂವತ್ತೊಂದು ವರ್ಷ ಮಕ್ಕಳಿಗೆ ವಿಮರ್ಶೆ ಪಾಠ ಮಾಡಿದವಳು ನಾನು. ಕೈಗೆ ಕಾಗದ ಸಿಕ್ಕಿದರೆ ಮೊದಲು ಕೇಳುವುದು ಇದನ್ನು ಬರೆದವರು ಯಾರು, ಯಾರಿಗಾಗಿ ಎಂದು. ಅದು ದಿನಸಿ ಪಟ್ಟಿಯಾದರೂ ಸರಿಯೆ. ದಿನಸಿ ಪಟ್ಟಿ ನೋಡಿ ಆ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ, ನಾಳೆ ನೆಂಟರು ಬರುತ್ತಾರೋ ಇಲ್ಲವೋ ಹೇಳಬಹುದಲ್ಲವೆ? ಹಾಗೆಯೇ ಈ ಪಟ್ಟಿಯನ್ನೂ ಓದಿದೆ. ‘ಪವರ್ ಯೂಸರ್’ ಅನ್ನುವ ಮಾತಿನಲ್ಲೇ ಮೊದಲು ಮುಗ್ಗರಿಸಿದೆ. ನಮ್ಮೂರಿನಲ್ಲಿ ಪವರ್ ಎಂದರೆ ಕರೆಂಟು. ಅದು ಹೋದಾಗ ಮಾತ್ರ ನೆನಪಿಗೆ ಬರುವಂಥದ್ದು. ಯಂತ್ರವನ್ನು ಬಹಳ ಬೇಗ, ಬಹಳ ಚಾಕಚಕ್ಯತೆಯಿಂದ ಬಳಸುವವರಿಗೆ ಆ ಹೆಸರು ಎಂದು ಮಗಳು ಫೋನಿನಲ್ಲಿ ತಿಳಿಸಿದಳು.

ಪಟ್ಟಿಯ ಅರ್ಧ ಭಾಗ ಬೇಗ ಮಾಡುವುದಕ್ಕೇ ಮೀಸಲು. ರೆಕ್ಟ್ಯಾಂಗಲ್ ಎಂಬುದು ಪರದೆಯ ಮೇಲಿನ ಕಿಟಕಿಗಳನ್ನು ಎಡಕ್ಕೊಂದು ಬಲಕ್ಕೊಂದು ಅಂಟಿಸಿ ನಿಲ್ಲಿಸುತ್ತದೆ. ಒಳ್ಳೆಯದೇ, ಬಿಟ್ಟಿಯೂ ಹೌದು. ಆದರೆ 2024ರಲ್ಲಿ ಬಂದ ಸಿಕೋಯಾ ಆವೃತ್ತಿಯಿಂದ ಮ್ಯಾಕ್ ಆ ಕೆಲಸವನ್ನು ತಾನೇ ಮಾಡುತ್ತದೆ. ಕಿಟಕಿಯನ್ನು ಹಿಡಿದು ಅಂಚಿಗೆ ಎಳೆದರೆ ಸಾಕು. ಪಟ್ಟಿ ಹಳೆಯದಾದದ್ದು ಬರೆದವರಿಗೆ ಗೊತ್ತಾಗಿರಲಿಲ್ಲ. ಆಲ್‌ಫ್ರೆಡ್, ರೇಕಾಸ್ಟ್ ಎಂಬೆರಡು ಇವೆ. ಹೆಸರಿನ ನಾಲ್ಕಕ್ಷರ ಒತ್ತಿದರೆ ಬೇಕಾದ ಕಡತವನ್ನೋ ತಂತ್ರಾಂಶವನ್ನೋ ತಂದು ಮುಂದಿಡುವ ಆಳುಗಳು. ಅವು ಮಾಡುವ ಮುಖ್ಯ ಕೆಲಸವನ್ನು ಮನೆಯಲ್ಲೇ ಹುಟ್ಟಿದ ಸ್ಪಾಟ್‌ಲೈಟ್ ಮಾಡುತ್ತದೆ. ಕಮಾಂಡ್ ಗುಂಡಿಯನ್ನು ಹಿಡಿದು ಉದ್ದ ಪಟ್ಟಿಯನ್ನು, ಅಂದರೆ ಸ್ಪೇಸನ್ನು ಒತ್ತಬೇಕು, ಅಷ್ಟೆ. ಮನೆಯಲ್ಲಿರುವ ಹೆಣ್ಣುಮಗಳ ಕೆಲಸ ಲೆಕ್ಕಕ್ಕೆ ಬರುವುದಿಲ್ಲ, ಹೊರಗಿಂದ ಬಂದವರಿಗೆ ಸಂಬಳ ಎನ್ನುವುದು ಅಲ್ಲಿಯೂ ಇದೆಯಲ್ಲಾ ಎಂದು ನಗು ಬಂತು.

ಹನ್ನೊಂದನೆಯದು ಹೋಮ್‌ಬ್ರೂ. ತಂತ್ರಾಂಶಗಳನ್ನು ತರಿಸಿಕೊಡುವ ತಂತ್ರಾಂಶ, 2009ರಿಂದ ಇರುವಂಥದ್ದು, ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಬಳಸಬೇಕು. ಹೆಸರಿನ ಅರ್ಥ ಮನೆಯಲ್ಲಿ ಕಾಸಿದ ಬಿಯರು! ಅದರ ಪರಿಭಾಷೆಯೂ ಅಲ್ಲಿಂದಲೇ: ಒಂದೊಂದು ತಂತ್ರಾಂಶದ ವಿಧಾನಕ್ಕೆ ಫಾರ್ಮುಲಾ, ಇಡುವ ಜಾಗಕ್ಕೆ ನೆಲಮಾಳಿಗೆ, ಸಿದ್ಧಪಡಿಸಿದ ಸರಕಿಗೆ ಬಾಟಲಿ, ಆಮೇಲೆ ಪೀಪಾಯಿ, ನಲ್ಲಿ. ಇದನ್ನು ಕಟ್ಟಿದವರು ಹೆಂಗಸರಾಗಿದ್ದರೆ ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬಿ, ಹೆಪ್ಪು ಎಂದೆಲ್ಲ ಇರುತ್ತಿತ್ತೇನೋ. ತಮಾಷೆಗೆ ಹೇಳುತ್ತಿಲ್ಲ. ಹೆಸರುಗಳೇ ಹೇಳಿಬಿಡುತ್ತವೆ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಿದೆ, ಯಾರಿಗೆ ಹಾಕಿಲ್ಲ ಎಂದು. ಪ್ರೋಗ್ರಾಮು ಬರೆಯುವವರಿಗೆ ಅದು ಅಗತ್ಯ, ಸಂಶಯವಿಲ್ಲ. ನನಗಲ್ಲ.

ಇನ್ನು ಶುಚಿ ಮಾಡುವ ತಂತ್ರಾಂಶಗಳು. ಯಂತ್ರ ತೆಗೆದು ಎರಡು ದಿನವಾಗಿಲ್ಲ, ನಿಮ್ಮ ಮ್ಯಾಕ್ ಕೊಳೆಯಾಗಿದೆ ಎಂದು ಹೆದರಿಸುವ ಜಾಹೀರಾತುಗಳು. ಸೋಪಿನ ಪುಡಿಯ ಜಾಹೀರಾತುಗಳನ್ನು ಬಾಲ್ಯದಿಂದ ನೋಡಿದವರಿಗೆ ಈ ದನಿಯ ಗುರುತು ಹತ್ತದೇ ಇರುವುದಿಲ್ಲ. ಅವುಗಳಲ್ಲಿ ಹಲವಕ್ಕೆ ವರ್ಷ ವರ್ಷವೂ ಡಾಲರಿನಲ್ಲಿ ಕಪ್ಪ ಸಲ್ಲಿಸಬೇಕು. ಅವುಗಳ ಗೆರೆ ಹೊಡೆದುಹಾಕಿದೆ. ವಿಎಲ್‌ಸಿಯನ್ನು ಉಳಿಸಿಕೊಂಡೆ, ಪ್ಯಾರಿಸಿನ ವಿದ್ಯಾರ್ಥಿಗಳು ಶುರು ಮಾಡಿದ್ದು, ಯಾವ ಹಳೆಯ ವಿಡಿಯೋ ಕೊಟ್ಟರೂ ಮುಖ ಸಿಂಡರಿಸದೆ ತೋರಿಸುತ್ತದೆ. ಲಿಬ್ರೆ ಆಫೀಸನ್ನೂ ಉಳಿಸಿಕೊಂಡೆ, ಹಳೆಯ ಕಾಲದ ವರ್ಡ್ ಕಡತಗಳನ್ನು ಕಾಸಿಲ್ಲದೆ ತೆರೆಯಲು. ಇವನ್ನು ತರಿಸಿದಾಗ ಒಂದು ಸಣ್ಣ ಎಚ್ಚರ ಬೇಕು, ಪಟ್ಟಿಯಲ್ಲಿರಲಿಲ್ಲ. ಬಂದದ್ದು ಒಂದು ಬಿಳಿಯ ತಟ್ಟೆಯ ಚಿತ್ರವಾಗಿ ಬರುತ್ತದೆ. ಅದರೊಳಗಿನದನ್ನು ಅಪ್ಲಿಕೇಷನ್ಸ್ ಎಂಬ ಕೋಶಕ್ಕೆ ಎಳೆದು ಹಾಕಬೇಕು. ನಾನು ಒಂದು ವಾರ ತಟ್ಟೆಯಲ್ಲಿಟ್ಟೇ ಉಂಡೆ. ಯಂತ್ರ ಆರಿಸಿ ಹೊತ್ತಿಸಿದಾಗಲೆಲ್ಲ ತಂತ್ರಾಂಶ ಕಾಣೆ.

ಒಳಗೇ ಇರುವವುಗಳಲ್ಲಿ ನನ್ನ ಮೆಚ್ಚುಗೆ ಪ್ರಿವ್ಯೂ ಎಂಬುದಕ್ಕೆ. ಹೆಸರು ನೋಡಿದರೆ ಸುಮ್ಮನೆ ತೋರಿಸುವಂಥದ್ದು ಅನ್ನಿಸುತ್ತದೆ. ಆದರೆ ಪಿಂಚಣಿಯ ಅರ್ಜಿಗೆ ಸಹಿ ಹಾಕುತ್ತದೆ. ಬಿಳಿಯ ಹಾಳೆಯ ಮೇಲೆ ಸಹಿ ಮಾಡಿ ಕ್ಯಾಮೆರಾಗೆ ಹಿಡಿದರೆ ನೆನಪಿಟ್ಟುಕೊಳ್ಳುತ್ತದೆ. ಬೇರೆ ಬೇರೆ ಪಿಡಿಎಫ್ ಪುಟಗಳನ್ನು ಎಳೆದು ಒಂದೇ ಕಟ್ಟು ಮಾಡುತ್ತದೆ. ಮೂರು ತಂತ್ರಾಂಶಗಳ ಕೆಲಸ! ಇನ್ನೊಂದು ಸುಖ, ಕಡತವೊಂದನ್ನು ಆರಿಸಿ ಸ್ಪೇಸ್ ಒತ್ತಿದರೆ ತೆರೆಯದೆಯೇ ಒಳಗಿನದು ಕಾಣುವುದು, ಪಾತ್ರೆಯ ಮುಚ್ಚಳ ಸರಿಸಿ ಇಣುಕಿದ ಹಾಗೆ. ಕಣ್ಣಿನ ವಿಷಯದಲ್ಲಿಯೂ ಇದು ದಯೆಯುಳ್ಳ ಯಂತ್ರ. ಬಾಣದ ಗುರುತು ಕಳೆದುಹೋದರೆ ಬೆರಳನ್ನು ಫಲಕದ ಮೇಲೆ ಜೋರಾಗಿ ಅತ್ತಿತ್ತ ಆಡಿಸಬೇಕು. ಅದು ಉಬ್ಬಿ ದೊಡ್ಡದಾಗಿ ‘ಇಲ್ಲಿದ್ದೇನೆ’ ಅನ್ನುತ್ತದೆ. ಆಕ್ಸೆಸಿಬಿಲಿಟಿ ಎಂಬ ವಿಭಾಗದಲ್ಲಿ ಒಮ್ಮೆ ಒಪ್ಪಿಗೆ ಕೊಟ್ಟರೆ, ಕಂಟ್ರೋಲ್ ಹಿಡಿದು ಎರಡು ಬೆರಳು ಮೇಲೆ ಸರಿಸಿದಾಗ ಇಡೀ ಪರದೆ ಹಿಗ್ಗುತ್ತದೆ. ಚಾಳೀಸು ಹುಡುಕುವುದು ತಪ್ಪಿತು. ಇಪ್ಪತ್ತೇಳರಲ್ಲಿ ಇದೊಂದೂ ಇಲ್ಲ. ಪಟ್ಟಿ ಮಾಡಿದವರಿಗೆಲ್ಲ ಇನ್ನೂ ಮೂವತ್ತು.

ಹಾಗೆಂದು ಈ ಯಂತ್ರಕ್ಕೆ ಬರೀ ಹೊಗಳಿಕೆ ಸಲ್ಲದು. ವಿಂಡೋಸಿನಲ್ಲಿ ಪಳಗಿದ ಕೈ ಕಡತ ತೆರೆಯಲು ಎಂಟರ್ ಒತ್ತುತ್ತದೆ. ಇದು ಅದಕ್ಕೆ, ಹೆಸರು ಬದಲಿಸುತ್ತೀರಾ ಎಂದು ಕೇಳುತ್ತದೆ! ನಾಮಕರಣಕ್ಕೆ ಇಷ್ಟು ಆತುರ ಯಾಕೋ ತಿಳಿಯೆ. ಕೆಂಪು ಗುಂಡಿ ಒತ್ತಿದರೆ ಕಿಟಕಿ ಮುಚ್ಚುತ್ತದೆ, ತಂತ್ರಾಂಶ ಒಳಗೇ ಎಚ್ಚರವಾಗಿರುತ್ತದೆ. ಮನೆಗೆ ಕಳಿಸಲು ಕಮಾಂಡ್ ಜೊತೆ ಕ್ಯೂ ಒತ್ತಬೇಕು. ಕಡತವನ್ನು ಒಂದು ಕಡೆಯಿಂದ ಕತ್ತರಿಸಿ ಇನ್ನೊಂದು ಕಡೆ ಅಂಟಿಸುವ ಪದ್ಧತಿ ಇಲ್ಲ. ಮೊದಲು ನಕಲು, ಆಮೇಲೆ ಹೊಸ ಜಾಗದಲ್ಲಿ ಕಮಾಂಡ್, ಆಪ್ಷನ್, ವಿ ಮೂರನ್ನೂ ಒತ್ತಿದರೆ ಹಳೆಯದು ಅಲ್ಲಿಂದ ಎದ್ದು ಬರುತ್ತದೆ. ಇದನ್ನು ಮೊದಲು ಬೈದೆ, ಈಗ ಒಪ್ಪುತ್ತೇನೆ. ಇಳಿಸುವ ಜಾಗ ಸಿಗುವ ತನಕ ಬಿಸಿ ಪಾತ್ರೆಯನ್ನು ಒಲೆಯಿಂದ ಎತ್ತಬಾರದು.

ಕಮಾಂಡ್ ಗುಂಡಿಯ ಮೇಲಿನ ಗುರುತನ್ನು ನೀವು ನೋಡಿದ್ದರೆ ನಿಮಗೂ ಹಾಗೆಯೇ ಅನ್ನಿಸಿರಬೇಕು: ಇದು ನಮ್ಮ ಅಂಗಳದ್ದಲ್ಲವೆ? ನಾಲ್ಕು ಮೂಲೆಗೆ ನಾಲ್ಕು ಕುಣಿಕೆ, ಎಲ್ಲೂ ಕೈ ಎತ್ತದೆ ಎಳೆದ ಒಂದೇ ಎಳೆ. ಅದನ್ನು ಆರಿಸಿದವಳು ಸೂಸನ್ ಕೇರ್ ಎಂಬ ಹೆಣ್ಣುಮಗಳು. 1984ರ ಜನವರಿಯಲ್ಲಿ ಮೊದಲ ಮ್ಯಾಕಿಂಟಾಷ್ ಬರುವ ಮುಂಚೆ, ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನೂ ಅಕ್ಷರಗಳನ್ನೂ ಬರೆಯಲು ಸೇರಿದವಳು. ಕಲೆಯಲ್ಲಿ ಡಾಕ್ಟರೇಟ್ ಮಾಡಿದ್ದಳು, ಕಂಪ್ಯೂಟರು ಗೊತ್ತಿರಲಿಲ್ಲ. ಚೌಕಳಿ ಹಾಳೆಯ ಪುಸ್ತಕ ಕೊಂಡು, ಅಡ್ಡ 32 ಉದ್ದ 32 ಮನೆಗಳಲ್ಲಿ ಒಂದೊಂದನ್ನೇ ತುಂಬಿ ಚಿತ್ರ ಬರೆದಳು. ಕಸೂತಿಯ ಲೆಕ್ಕ, ಚುಕ್ಕಿ ರಂಗೋಲಿಯ ಲೆಕ್ಕ. ಪರದೆಯ ತುಂಬ ಕಂಪೆನಿಯ ಸೇಬಿನ ಗುರುತೇ ಆಯಿತೆಂದು ಸ್ಟೀವ್ ಜಾಬ್ಸ್ ಸಿಡುಕಿದಾಗ, ಗುರುತುಗಳ ನಿಘಂಟೊಂದನ್ನು ತಿರುವಿ ಹಾಕಿ ಈ ಕುಣಿಕೆಯನ್ನು ಹುಡುಕಿದಳು. ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳವಿದೆ ಎಂದು ಸೂಚಿಸಲು ದಾರಿಬದಿಯ ಫಲಕಗಳಲ್ಲಿ ಬಳಸುವ ಗುರುತು ಅದು. ಅವಳ ಆ ಚೌಕಳಿ ಪುಸ್ತಕ 2015ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಸೇರಿತು. ಹಸೆ ಗೋಡೆಯ ಮೇಲೆ ಗೆರೆ ಎಳೆಯುವ ನಮ್ಮ ಸೀಮೆಯ ಹೆಂಗಸರನ್ನು ಅಕ್ಕ ಹುಡುಕಿಕೊಂಡು ಹೋಗುತ್ತಿದ್ದುದು ನೆನಪಾಯಿತು. ಆ ದಿನವೇ ಬೀರು ತೆಗೆದೆ.

ಪೆನ್‌ಡ್ರೈವ್ ಚುಚ್ಚಿ ಕಡತ ತೆರೆದೆ. ನೂರ ನಲವತ್ತು ಪುಟವೂ ಇತ್ತು, ಒಂದಕ್ಷರ ಕನ್ನಡ ಇರಲಿಲ್ಲ. ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಓರೆ ಗೆರೆ ಹೊತ್ತ ಎ, ಪೌಂಡಿನ ಗುರುತು, ಟೋಪಿ, ಚುಕ್ಕಿ, ಬಾಲ. ಪುಟ ಪುಟವೂ ಹೀಗೆ. ಅಕ್ಕನ ಶವವನ್ನು ಎರಡನೆಯ ಸಲ ನೋಡಿದ ಹಾಗಾಯಿತು. ಊರಿನ ಒಂದು ಅಂಗಡಿಗೆ ಒಯ್ದರೆ, ಫೈಲು ಕೆಟ್ಟಿದೆ ಮೇಡಂ, ಬಿಟ್ಟುಬಿಡಿ ಎಂದರು.

ಕೆಟ್ಟಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮನೆಯ ಬೀರುವಿನಲ್ಲಿಯೂ ಇಂಥದ್ದು ಇರಬಹುದು. ತೊಂಬತ್ತರ ದಶಕದಲ್ಲಿ, ಅದರಾಚೆಗೂ ಬಹಳ ಕಾಲ, ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಫಾಂಟು ಮಾಡುವವರು ಒಂದು ಉಪಾಯ ಮಾಡಿದರು. ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ಹಳೆಯ ಮುದ್ರಣಾಲಯದ ಮೊಳೆಗಳ ಹಾಗೆ ಒಡಲು ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ. ನಾವು ಪರದೆಯ ಮೇಲೆ ‘ಕ’ ನೋಡುತ್ತಿದ್ದೆವು. ಯಂತ್ರದ ಮನಸ್ಸಿನಲ್ಲಿ ಅದು ಪಿ ಮತ್ತು ಗೆರೆ ಹೊತ್ತ ಎ. ಆ ಫಾಂಟು ಇರುವ ತನಕ ವೇಷ ನಿಲ್ಲುತ್ತದೆ. ಇಲ್ಲದ ಕಡೆ ಹೋದರೆ ಬಣ್ಣ ಕಳಚುತ್ತದೆ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟಿತ್ತು, ಆದರೆ ಅದು ಮನೆಮನೆಯ ಕಂಪ್ಯೂಟರಿಗೆ ಬರಲು ವರ್ಷಗಳು ಹಿಡಿದವು. ಆ ನಡುವಿನ ವರ್ಷಗಳಲ್ಲಿ 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಇಲ್ಲದಿದ್ದರೆ ನಮ್ಮಂಥವರು ಕನ್ನಡದಲ್ಲಿ ಟೈಪು ಮಾಡುವುದನ್ನೇ ಕಲಿಯುತ್ತಿರಲಿಲ್ಲ. ಆ ಉಪಕಾರ ದೊಡ್ಡದು.

ಪುಣೆಯಿಂದ ಮಗಳು ಎರಡು ದಾರಿ ಹೇಳಿದಳು. ಒಂದು, ಹಳೆಯ ಫಾಂಟಿನ ಕಡತವನ್ನು ಮ್ಯಾಕಿನ ಫಾಂಟ್ ಬುಕ್‌ಗೆ ಸೇರಿಸುವುದು. ಸೇರಿಸಿ, ಇಡೀ ಬರಹಕ್ಕೆ ಆ ಫಾಂಟನ್ನು ಹಚ್ಚಿದೆ. ಟೋಪಿ ಬಾಲಗಳೆಲ್ಲ ಮಾಯವಾಗಿ ಅಕ್ಕ ಟೈಪು ಮಾಡಿದ ಕನ್ನಡ ಎದ್ದು ನಿಂತಿತು! ಸೌತೆಕಾಯಿ ಹೆಚ್ಚುತ್ತಿದ್ದವಳು ಚಾಕು ಹಿಡಿದೇ ಕೂತು ಓದಿದೆ. ಆದರೆ ಅದು ಇನ್ನೂ ವೇಷವೇ. ಹುಡುಕಿದರೆ ಸಿಗದು, ಬೇರೆಯವರಿಗೆ ಕಳಿಸಿದರೆ ಮತ್ತೆ ಟೋಪಿ ಬಾಲ. ಎರಡನೆಯ ದಾರಿ ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿಕೊಳ್ಳುವುದು. ಕನ್ನಡದ ಅಭಿಮಾನಿಗಳು ಕಾಸು ಕೇಳದೆ ಮಾಡಿಟ್ಟಿರುವ ಪರಿವರ್ತಕಗಳಿವೆ. ನನ್ನ ಇಪ್ಪತ್ತೆಂಟನೆಯ ತಂತ್ರಾಂಶ ಅದು. ನನ್ನ ಮಟ್ಟಿಗೆ ಮೊದಲನೆಯದು.

ಹೊಸದಾಗಿ ಟೈಪು ಮಾಡುವುದು ಇನ್ನೊಂದು ಪಾಡು. ಮ್ಯಾಕಿನಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ, ಕೀಬೋರ್ಡ್ ವಿಭಾಗಕ್ಕೆ ಹೋಗಿ ಇನ್‌ಪುಟ್ ಸೋರ್ಸಿಗೆ ಸೇರಿಸಿಕೊಳ್ಳಬೇಕು. ಅದು ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುವ ಇನ್‌ಸ್ಕ್ರಿಪ್ಟ್ ಜೋಡಣೆ. ಕೆ. ಪಿ. ರಾವ್ ಅವರ ಜೋಡಣೆಯಲ್ಲಿ ಪಳಗಿದ ನನ್ನ ಬೆರಳು ಒಪ್ಪಲಿಲ್ಲ. ಆ ಜೋಡಣೆಯ ಒಂದು ಪುಟ್ಟ ಕಡತವನ್ನು ಮಗಳು ಕಳಿಸಿದಳು. ಲೈಬ್ರರಿ ಎಂಬ ಕೋಶದ ಕೀಬೋರ್ಡ್ ಲೇಔಟ್ಸ್ ಒಳಗೆ ಇಟ್ಟು, ಒಮ್ಮೆ ಹೊರಗೆ ಹೋಗಿ ಒಳಗೆ ಬಂದರೆ ಸಿದ್ಧ. ಭಾಷೆ ಬದಲಿಸಲು ಕಂಟ್ರೋಲ್ ಮತ್ತು ಸ್ಪೇಸ್, ಹುಡುಕಲು ಕಮಾಂಡ್ ಮತ್ತು ಸ್ಪೇಸ್. ಇವೆರಡನ್ನು ಅಕ್ಕತಂಗಿಯರನ್ನು ಅದಲುಬದಲು ಕರೆದ ಹಾಗೆ ಇವತ್ತಿಗೂ ತಪ್ಪುತ್ತೇನೆ. ಮ್ಯಾಕಿನ ಕನ್ನಡ ಸಂಗಮ್ ಅಕ್ಷರಗಳು ಮಲೇಷಿಯಾದ ತಮಿಳರಾದ ಮುತ್ತು ನೆಡುಮಾರನ್ ಅವರ ಕೈಯವು. ಚೊಕ್ಕಟವಾಗಿವೆ. ನನ್ನ ಕಣ್ಣಿಗೆ ಒತ್ತಕ್ಷರಗಳು ಸ್ವಲ್ಪ ಬಡಕಲು.

ಪರಿವರ್ತಕದಿಂದ ಬಂದ ಕನ್ನಡಕ್ಕೆ ಅರ್ಕಾವತ್ತಿನ ಕಾಯಿಲೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುವ ಚೂರು, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ನಾನು ಮೊದಲು ಬಳಸಿದ ಪರಿವರ್ತಕಕ್ಕೆ ಇದು ತಿಳಿದಿರಲಿಲ್ಲ. ಸೂರ್ಯ ಹೋಗಿ ‘ಸೂಯರ್’, ಕರ್ನಾಟಕ ಹೋಗಿ ‘ಕನಾರ್ಟಕ’. ಎರಡನೆಯದು ವಾಸಿ, ಆದರೂ ಪ್ರತಿ ಸಾಲು ನೋಡಲೇಬೇಕು. ಎಡಗಡೆ ವೇಷದ ಪ್ರತಿ, ಬಲಗಡೆ ಹೊಸದು. ಕಿಟಕಿಗಳನ್ನು ಅಂಚಿಗೆ ಅಂಟಿಸುವ ವಿದ್ಯೆಗೆ ನಾನು ನಕ್ಕದ್ದು ವಾಪಸ್ಸು. ಅದಿಲ್ಲದೆ ಈ ಕೆಲಸ ಸಾಗುವುದಿಲ್ಲ.

ಕಣ್ಣು ಸೋತಾಗ ಕಿವಿಗೆ ಕೊಡುತ್ತೇನೆ. ಮ್ಯಾಕಿನಲ್ಲಿ ಈಗ ಕನ್ನಡ ಓದುವ ಹೆಣ್ಣು ದನಿ ಇದೆ, ಸೌಮ್ಯಾ ಎಂದು ಹೆಸರು. ಆಕ್ಸೆಸಿಬಿಲಿಟಿಯಲ್ಲೇ ಅದನ್ನು ಎಚ್ಚರಿಸಿ, ಸಾಲುಗಳನ್ನು ಆರಿಸಿ ಆಪ್ಷನ್ ಮತ್ತು ಎಸ್ಕೇಪ್ ಒತ್ತಬೇಕು. ಜೊತೆಗೆ ಕಮಾಂಡೂ ತಾಗಿದರೆ ಯಾವ ತಂತ್ರಾಂಶವನ್ನು ಬಲವಂತವಾಗಿ ಮುಚ್ಚಲಿ ಎಂದು ಕೇಳುವ ಕಿಟಕಿ ಬರುತ್ತದೆ, ಬೆದರಬೇಡಿ. ಸೌಮ್ಯಾ ಹಾಡನ್ನು ಪಿಂಚಣಿ ಆದೇಶದ ಹಾಗೆ ಓದುತ್ತಾಳೆ. ಉಸಿರು ತೆಗೆದುಕೊಳ್ಳುವುದಿಲ್ಲ, ಬೀಗರನ್ನು ಬೈಯುವ ಹಾಡಿನಲ್ಲೂ ನಗುವುದಿಲ್ಲ. ಆದರೆ ಒಂದು ಗುಣ ಇದೆ. ನಮ್ಮ ಕಣ್ಣು ತಪ್ಪನ್ನು ತಾನೇ ತಿದ್ದಿ ಓದಿಬಿಡುತ್ತದೆ. ಅವಳು ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೆ. ಬಿಟ್ಟುಹೋದ ಒತ್ತಕ್ಷರ ಕಿವಿಗೆ ಕಲ್ಲಿನ ಹಾಗೆ ಸಿಕ್ಕುತ್ತದೆ.

ಮಗಳ ಪಟ್ಟಿಯ ಕೊನೆಯಲ್ಲಿ, ಇಪ್ಪತ್ತೇಳನೆಯದಾಗಿ, ಅರ್ಧ ಸಾಲಿನಲ್ಲಿ ಟೈಮ್ ಮೆಷೀನ್ ಎಂದಿತ್ತು. ನಾನಾಗಿದ್ದರೆ ಅದನ್ನು ತಲೆಗೆ ತರುತ್ತಿದ್ದೆ. 2007ರಿಂದ ಮ್ಯಾಕಿನೊಳಗೇ ಇದೆ. ಹೊರಗಿನ ಒಂದು ಡಿಸ್ಕ್ ಕೊಂಡು ಜೋಡಿಸಿದರೆ, ಜೋಡಿಸಿರುವಷ್ಟು ಹೊತ್ತು ಗಂಟೆಗೊಂದು ಪ್ರತಿ ತೆಗೆಯುತ್ತದೆ. ಹಿಂದಿನ ಒಂದು ತಿಂಗಳದ್ದು ದಿನಕ್ಕೊಂದು, ಅದಕ್ಕೂ ಹಿಂದಿನದು ವಾರಕ್ಕೊಂದು, ಡಿಸ್ಕ್ ತುಂಬುವ ತನಕ ಇಟ್ಟುಕೊಳ್ಳುತ್ತದೆ. ಅಕ್ಕನ ಮನೆಯಲ್ಲಿ ಇಂಥದೊಂದು ಇದ್ದಿದ್ದರೆ ನೂರ ನಲವತ್ತು ಪುಟ ನಾಲ್ಕು ವರ್ಷ ಒಂದು ಮೂಗುಬಟ್ಟಿನ ಡಬ್ಬಿಯನ್ನು ನಂಬಿಕೊಂಡು ಇರಬೇಕಾಗಿರಲಿಲ್ಲ. ಡಿಸ್ಕ್ ತಂದೆ. ಪೆನ್‌ಡ್ರೈವಿನಲ್ಲಿದ್ದುದರ ಇನ್ನೊಂದು ಪ್ರತಿ ಮಾಡಿ ಪುಣೆಗೂ ಕಳಿಸಿದೆ. ಬೆಂಕಿ ಬಿದ್ದರೆ ಎರಡೂ ಒಂದೇ ಮನೆಯಲ್ಲಿರಬಾರದು ನೋಡಿ.

ಮೊನ್ನೆ ತೊಂಬತ್ತೆರಡನೆಯ ಪುಟದಲ್ಲಿ ಸಿಕ್ಕಿಬಿದ್ದೆ. ಎಲ್ಲ ಕಡೆ ‘ಕಪ್ಪುರ’ ಎಂದಿದ್ದದ್ದು ಅಲ್ಲಿ ಮಾತ್ರ ‘ಕಪುರ’. ಪರಿವರ್ತಕ ಒತ್ತನ್ನು ನುಂಗಿತೆ ಎಂದು ಎಡಗಡೆಯ ಪ್ರತಿ ನೋಡಿದೆ, ಅಲ್ಲಿಯೂ ‘ಕಪುರ’ವೇ. ಹಾಗಾದರೆ ಅಕ್ಕನ ಬೆರಳು ಜಾರಿತೋ, ಹಾಡಿದಾಕೆ ಹಾಗೆಯೇ ಹಾಡಿದಳೋ? ಕಲಿಸಿದ ಚಾಳಿ, ತಿದ್ದಿಯೇಬಿಟ್ಟೆ. ಆಮೇಲೆ ಮನಸ್ಸು ತಡೆಯದೆ ಕಮಾಂಡ್ ಝಡ್ ಒತ್ತಿ ಮೊದಲಿನ ಹಾಗೆ ಮಾಡಿದೆ. ಹಾಡಿದಾಕೆ ಈಗಿಲ್ಲ. ಅವಳ ಸೊಸೆಗೆ ಫೋನು ಮಾಡಿದೆ. ಅವಳಿಗೆ ಪದ ಬಿಡಿಸಿ ಹೇಳಲು ಬರಲಿಲ್ಲ, ಹಾಡಿಯೇ ತೋರಿಸುತ್ತೇನೆ ಅಂದಳು. ನಡುವೆ ಅವಳ ಕುಕ್ಕರು ಕೂಗಿ ಸರಿಯಾಗಿ ಕೇಳಲಿಲ್ಲ. ಒಲೆ ಆರಿಸಿ ಬಂದು ಇನ್ನೊಮ್ಮೆ ಹಾಡಿದಳು. ಕಪುರ. ಅಲ್ಲಿ ಒತ್ತು ಹಾಕಿದರೆ ತಾಳ ಕೂಡುವುದೇ ಇಲ್ಲ.

ಹಾಗೇ ಬಿಟ್ಟು ಮುಂದಿನ ಪುಟಕ್ಕೆ ಹೋದೆ.